ಸಾಲಿನಲ್ಲಿ ಅಪ್ಪನ ನಂಬರು

ಸೂಲಿಬೆಲೆಯಿಂದ ಎರಡು ಬಸ್ಸು ಹತ್ತಿಳಿದು ಅಮ್ಮನನ್ನು ತಿಂಗಳಿಗೊಮ್ಮೆ ಮಿಲಿಟರಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಅವಳಿಗೆ ಹೃದಯದ ತೊಂದರೆ. ಅಪ್ಪ ಸೈನ್ಯದಿಂದ ನಿವೃತ್ತರಾಗಿ ತೀರಿಕೊಂಡಿದ್ದರು. ಅವರ ಹೆಂಡತಿ ಎಂಬ ಕಾರಣಕ್ಕೆ ಅಲ್ಲಿ ಚಿಕಿತ್ಸೆ. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಪ್ಪನ ಸರ್ವೀಸ್ ನಂಬರಿನ ಕೊನೆಯ ನಾಲ್ಕು ಅಂಕಿ ಕೂಗುತ್ತಿದ್ದರು. ಅಮ್ಮ ಸೆರಗು ಸರಿಮಾಡಿಕೊಂಡು, ಬಲಗೈ ಎತ್ತಿ, "ಹಾಜರ್ ಸಾರ್" ಎನ್ನುತ್ತಿದ್ದಳು.

"ಏನಮ್ಮಾ, ನೀನೇ ಗಡಿ ಕಾದಂಗೆ ಆಡ್ತೀಯ" ಎಂದು ಛೇಡಿಸಿದರೆ, "ಬಾಯ್ಮುಚ್ಕೊಂಡು ಬಾರೇ" ಎನ್ನುತ್ತಿದ್ದಳು.

ಬುಧವಾರ ಸುತ್ತಲಿನ ಹಳ್ಳಿಯವರನ್ನೂ ನೋಡುತ್ತಿದ್ದರು. ಆಸ್ಪತ್ರೆ ಮುಚ್ಚುವ ಪ್ರಸ್ತಾವ ಇದೆಯೆಂದು ಸುದ್ದಿಯಾದಾಗ ಮೊದಲು ನಿಂತದ್ದು ಆ ಬುಧವಾರದ ತಪಾಸಣೆ. ಡೇರಿಗೆ ಹಾಲು ಹಾಕುವ ನಮ್ಮ ಎದುರುಮನೆಯವಳು ಸಕ್ಕರೆ ಕಾಯಿಲೆಯ ಮಾತ್ರೆಗೆಂದು ಬಂದು ಗೇಟಿನಿಂದಲೇ ವಾಪಸಾದಳು. ಆಮೇಲೆ ಹೃದಯದ ಡಾಕ್ಟರಿಗೆ ವರ್ಗವಾಯಿತು. ಅಮ್ಮನಿಗೆ ಹೊಸಕೋಟೆಯ ಖಾಸಗಿ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಕೇಳಿದರೆ ಇನ್ನೂ ಬರೀ ಪ್ರಸ್ತಾವವಂತೆ! ಯಾವ ಸೀಮೆ ಪ್ರಸ್ತಾವವೋ, ನನಗಂತೂ ಮೈ ಉರಿದುಹೋಯಿತು.

ಹೊಸಕೋಟೆಯಲ್ಲಿ ಅವಳನ್ನು ಬೆಂಚಿನ ಮೇಲೆ ಕೂರಿಸಿ ಜೆರಾಕ್ಸ್ ಮಾಡಿಸಲು ಹೋದೆ. ಬರುವಷ್ಟರಲ್ಲಿ ಡಾಕ್ಟರು ಹೊರಟುಬಿಟ್ಟಿದ್ದರು. ಮೂರು ಸಲ ಹೆಸರು ಕೂಗಿದರಂತೆ, ಅಮ್ಮ ಎದ್ದೇ ಇರಲಿಲ್ಲ.

"ನಿನ್ನ ಹೆಸರು ನಿಂಗೇ ಗೊತ್ತಾಗ್ಲಿಲ್ವಾ? ಕಲ್ಲು ಕೂತಂಗೆ ಕೂತಿದ್ಯಲ್ಲ!" ಎಂದು ಅಷ್ಟು ಜನರ ಮುಂದೆ ಕಿರುಚಿದೆ.

"ಬೇರೆ ಯಾರ್ನೋ ಕೂಗ್ತಾವ್ರೆ ಅಂದ್ಕೊಂಡೆ ಕಣೇ. ನಿಮ್ಮಪ್ಪನ ನಂಬರ್ ಬರ್ಲಿ ಅಂತ ಕಾಯ್ತಿದ್ದೆ" ಎಂದಳು.

ಮುಂದಿನ ತಿಂಗಳು ಎಷ್ಟು ಕರೆದರೂ ಹೊರಡಲಿಲ್ಲ. "ಅಲ್ಲಿ ನಿಮ್ಮಪ್ಪನ್ನ ಯಾರೂ ಕೇಳಲ್ಲ, ನಾನ್ಯಾಕೆ ಬರ್ಲಿ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬೇಕಾದರೆ ಬರಲಿ, ಬಿಡಲಿ ಎಂದು ನಾನೂ ಬಿಗಿದುಕೊಂಡೆ. ಮಾತ್ರೆ ಮುಗಿದದ್ದನ್ನು ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ. ಆ ಪಾಪ ನನ್ನದೇ, ಯಾವ ಸರ್ಕಾರದ್ದೂ ಅಲ್ಲ.

ಕೊನೆಗೆ ಆಂಬುಲೆನ್ಸಿನಲ್ಲಿ ಅದೇ ಹೊಸಕೋಟೆ ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ದಿನ ಬೆಳಿಗ್ಗೆ ನರ್ಸ್ ಅವಳ ಕೆನ್ನೆ ತಟ್ಟಿ ಹೆಸರು ಹಿಡಿದು ಕೂಗಿದಳು, ಮತ್ತೆ ಮತ್ತೆ ಕೂಗಿದಳು.

"ಪೇಷಂಟ್‌ಗೆ ಪ್ರಜ್ಞೆನೇ ಇಲ್ಲ ಮೇಡಂ" ಎಂದಳು.

ನಾನು ಅಮ್ಮನ ಕಿವಿಯ ಹತ್ತಿರ ಬಾಗಿ ಅಪ್ಪನ ಆ ನಾಲ್ಕು ಅಂಕಿ ಹೇಳಿದೆ.

ಸೂಜಿ ಚುಚ್ಚಿದ್ದ ಬಲಗೈ ಹಾಸಿಗೆಯಿಂದ ಮೇಲೆದ್ದಿತು.