ಕುರ್ಲಾದಲ್ಲಿ ಕಲಿತ ಕ್ರಿಯಾಪದ

ನಿನ್ನೆ ಪಕ್ಕದ ಮನೆಯವರು ಮಳೆಗೆ ನೆನೆದ ಕಂಬಳಿಯನ್ನು ಗ್ಯಾಲರಿಯಲ್ಲಿ ಹರವಿದ್ದರು. ಒದ್ದೆ ಉಣ್ಣೆಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ನಾನು ಮಾತ್ರ ಕಾಫಿ ಲೋಟ ಹಿಡಿದು ಅಲ್ಲೇ ನಿಂತುಬಿಟ್ಟೆ. ನೀವು ನಕ್ಕರೂ ಸರಿ, ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನಗೊಂದು ಇಂಗ್ಲಿಷ್ ಶಬ್ದ ನೆನಪಾಗುತ್ತದೆ.

ಐವತ್ತರ ದಶಕದ ಮಾತು. ಪರೇಲಿನ ಕನ್ನಡ ಶಾಲೆಯಲ್ಲಿ ನಾನು ಏಳನೆಯ ಇಯತ್ತೆಯ ಹುಡುಗಿ. ಇಂಗ್ಲಿಷಿನಲ್ಲಿ ನನ್ನಷ್ಟು ಜಾಣೆ ಇನ್ನೊಬ್ಬಳಿಲ್ಲ ಎಂಬ ಭ್ರಮೆ ಬೇರೆ. ಭೀಮಪ್ಪ ಶಾಲೆಯ ಜವಾನರು, ವಿಜಾಪುರದ ಕಡೆಯವರು. ಆಗ ನಾವೆಲ್ಲ ಅವರನ್ನು ಏಕವಚನದಲ್ಲೇ ಕೂಗುತ್ತಿದ್ದೆವು. ಈಗ ಹಾಗೆ ಬರೆಯಲು ಕೈ ಬರುವುದಿಲ್ಲ.

ಒಂದು ದಿನ ಉಡುಪಿ ಕಡೆಯ ಭಟ್ ಮಾಸ್ತರರು ಹಲಗೆಯ ಮೇಲೆ 'ಶೆಫರ್ಡ್' ಎಂದು ಬರೆದರು. ಶೀಪ್ ಎಂದರೆ ಕುರಿ, ಹರ್ಡ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಕಾಯುವವನು. ಎರಡೂ ಕೂಡಿ ಕುರುಬ. ಬಹಳ ಕಾಲದ ಮೇಲೆ ಅದೇ ಶಬ್ದ ಕ್ರಿಯಾಪದವೂ ಆಯಿತು.

"ಅಂದರೆ, ಮುಂದೆ ನಡೆದು ಜನರಿಗೆ ದಾರಿ ತೋರಿಸುವುದು. ಬರಕೊಳ್ಳಿ."

ನೀರಿನ ಹೂಜಿ ಇಡಲು ಬಂದಿದ್ದ ಭೀಮಪ್ಪ ಬಾಗಿಲಲ್ಲೇ ನಿಂತರು. "ತಪ್ಪ ತಿಳಕೋಬ್ಯಾಡ್ರಿ ಮಾಸ್ತರ. ಸಣ್ಣಾಂವ ಇದ್ದಾಗ ನಾನೂ ಕುರಿ ಕಾಯ್ದೀನಿ. ಕಾಯಾಂವ ಹಿಂದ ಇರ್ತಾನ್ರಿ. ಮುಂದ ಹೋದ್ರ, ಹಿಂದ ಉಳದ ಮರಿ ಯಾರಿಗೆ ಕಾಣಬೇಕು?"

"ಇದು ಇಂಗ್ಲಿಷ್ ಮಾರಾಯ, ನಿನ್ನ ಊರಿನ ಕುರಿ ಅಲ್ಲ," ಎಂದರು ಮಾಸ್ತರರು. ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಆ ವಾರವಿಡೀ ಅವರು ಎದುರಾದಾಗಲೆಲ್ಲ 'ಬ್ಯಾ' ಎಂದವಳೂ ನಾನೇ.

ಮುಂದಿನ ವಾರ ಭಾರಿ ಮಳೆ. ಮಧ್ಯಾಹ್ನವೇ ಶಾಲೆ ಬಿಟ್ಟರು. ಘಾಟ್ಕೋಪರ್ ಕಡೆಯ ನಾವು ಹನ್ನೆರಡು ಮಕ್ಕಳು ಲೋಕಲ್ ಹತ್ತಿದೆವು. ಭೀಮಪ್ಪನವರು ಬಾಡಿಗೆಗಿದ್ದ ಚಾಳೂ ಅಲ್ಲೇ ಇದ್ದುದರಿಂದ ಅವರೂ ಜೊತೆಗಿದ್ದರು. ಕುರ್ಲಾದಲ್ಲಿ ಹಳಿಯ ಮೇಲೆ ನೀರು ನಿಂತು ಗಾಡಿ ನಿಂತಿತು. ಎರಡು ತಾಸು ಕಾದರೂ ಅಲುಗಲಿಲ್ಲ. ಸಣ್ಣವರು ಅಳತೊಡಗಿದರು.

"ನಡೀರಿ, ನಡಕೋತ ಹೋಗೋಣು," ಎಂದರು ಭೀಮಪ್ಪ.

ಮೊಣಕಾಲುದ್ದ ನೀರು. ದೊಡ್ಡ ಹುಡುಗರು ಸರಸರನೆ ಮುಂದೆ ಸಾಗಿದರು. ಸ್ವಲ್ಪ ದೂರದಲ್ಲೇ ನನ್ನ ಚಪ್ಪಲಿ ಕಿತ್ತುಹೋಗಿ, ಗಾಜು ಚುಚ್ಚಿ, ನಾನು ಕುಂಟುತ್ತ ಹಿಂದೆ ಬಿದ್ದೆ. ಕೂಗಲು ನಾಚಿಕೆ, ಯಾವ ಬಾಯಲ್ಲಿ ಕೂಗಲಿ? ಆದರೆ ಭೀಮಪ್ಪ ನನಗಿಂತಲೂ ಹಿಂದೆ ಇದ್ದರು. ತಮ್ಮ ಧೋತರದ ಅಂಚು ಹರಿದು ನನ್ನ ಪಾದಕ್ಕೆ ಕಟ್ಟಿದರು, ಮಳೆಗೆಂದು ತಾವು ಹೊದ್ದಿದ್ದ ಕಂಬಳಿಯನ್ನು ನನ್ನ ತಲೆಗೆ ಹೊದಿಸಿದರು. ಆಮೇಲೆ ದೊಡ್ಡ ಹುಡುಗರನ್ನು ಕೂಗಿ ನಿಲ್ಲಿಸಿ, ನನ್ನನ್ನು ಎಲ್ಲರಿಗಿಂತ ಮುಂದೆ ತಂದು ಬಿಟ್ಟರು.

"ಈಕಿ ಹೆಂಗ ನಡೀತಾಳ, ಹಂಗ ಎಲ್ಲಾರೂ ನಡೀಬೇಕು. ಯಾರೂ ದಾಟಬ್ಯಾಡ್ರಿ."

ಕತ್ತಲಾಗುವ ಮೊದಲು ಹನ್ನೆರಡೂ ಮಕ್ಕಳು ಮನೆ ಸೇರಿದೆವು. ನಮ್ಮ ಬಾಗಿಲಲ್ಲಿ ನಾನು ಕ್ಷಮೆ ಕೇಳಬೇಕಿತ್ತು. ಅದರ ಬದಲು "ಒಳಗ ಬರ್ರಿ ಮಾಮಾ, ಚಹಾ ಕುಡೀರಿ" ಎಂದೆ. ಅವರಿಗೆ ಅಷ್ಟೇ ಸಾಕಾಯಿತೋ ಏನೋ, ನಕ್ಕು ಒಳಗೆ ಬಂದರು. ಸಂಗತಿ ಕೇಳಿದ ಭಟ್ ಮಾಸ್ತರರು ಮರುದಿನ ನಮ್ಮೆಲ್ಲರ ವಹಿಗಳಲ್ಲಿ 'ಮುಂದೆ ನಡೆದು' ಎಂಬುದನ್ನು ತಾವೇ ಕೈಯಾರೆ ಹೊಡೆದು ಹಾಕಿದರು.

ಇವತ್ತು ಬೆಳಗಿನ ವಾಕಿಂಗಿಗೆ ಎಂದಿನಂತೆ ನಾವು ಐವರು ಹೆಂಗಸರು ಹೊರಟೆವು. ಮಂಡಿನೋವಿನ ಕಮಲಾಬಾಯಿ ಯಾವಾಗಲೂ ಹಿಂದೆ. ಗೇಟಿನ ಹತ್ತಿರ ಅವರಿಗಾಗಿ ಕಾಯುತ್ತ ನಾನು ಗೊಣಗುವುದೂ ಯಾವಾಗಲೂ. ಇವತ್ತು ಅವರ ಕೈ ಹಿಡಿದು ಮುಂದೆ ನಿಲ್ಲಿಸಿದೆ.

"ಯಾಕ್ರೀ, ನನ್ನ ಲೀಡರ್ ಮಾಡ್ತೀರೇನು?" ಎಂದರು.

"ಹೌದ್ರಿ, ನೀವು ನಡೀರಿ," ಎಂದು ನಾನು ಹಿಂದೆ ಸರಿದೆ.