ಸ್ಟೂಲಿನ ಮೇಲೆ ನಿಂತ ಕೇಳುಗರು

ನನ್ನ ಗೆಳತಿ ತೀರಿಕೊಂಡು ಮೂರು ತಿಂಗಳಾಯಿತು. ಬಟ್ಟೆ ಹೊಲಿದೇ ಬದುಕಿದವಳು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನನಗೆ, ಮಕ್ಕಳಿಗೆ ಕತೆ ಬರೆಯುವುದನ್ನು ಕಲಿಸಿದವಳು ಅವಳೇ.

ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಅವಳ ಅಂಗಡಿ ತುಂಬ ಯೂನಿಫಾರಂ ಅಳತೆ ಕೊಡಲು ಬಂದ ಮಕ್ಕಳು. ಒಬ್ಬೊಬ್ಬರನ್ನೇ ಸ್ಟೂಲಿನ ಮೇಲೆ ಹತ್ತಿಸಿ, ಅಲುಗಾಡದಂತೆ ನಿಲ್ಲಿಸಲು ಕತೆ ಹೇಳುತ್ತಿದ್ದಳು. ಭುಜದ ಅಳತೆಗೆ ಶುರುವಾದ ಕತೆ ಸೊಂಟಕ್ಕೆ ಬರುವಷ್ಟರಲ್ಲಿ ರಂಗೇರಬೇಕು, ಮೊಣಕಾಲಿಗೆ ಮುಗಿಯಬೇಕು.

ಗಂಟಲಿನ ಆಪರೇಷನ್ ಮಾಡಲೇಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ, ನೋಟ್‌ಬುಕ್ ಹಿಡಿದು ನನ್ನ ಮನೆಗೆ ಬಂದಳು.

"ಯಾರು ಓದಿದ್ರೂ ಮಕ್ಕಳು ನಿಂತು ಕೇಳ್ಬೇಕು ಕಣೇ. ಹಾಗೆ ಬರೆದಿಡ್ಬೇಕು. ನೀನು ಓದಿದೋಳು, ಸರಿ ಮಾಡಿಕೊಡು."

ನೀರಿಗೆ ಹಾರಲು ಹೆದರುವ ಕಪ್ಪೆಯ ಕತೆ ಅದು. ಸರಿ ಮಾಡಿದೆ: ಮೊದಲಿಗೊಂದು ಪುಟ ಸೂರ್ಯೋದಯ, ಕೊನೆಗೆ ಧೈರ್ಯದ ಬಗ್ಗೆ ನಾಲ್ಕು ಹಿತವಚನ. ಅಂಗಡಿಯಲ್ಲಿ ನಾನೇ ಓದಿದೆ. ಅವಳು ಅಳತೆ ಟೇಪು ಹಿಡಿದಳು. ಸ್ಟೂಲಿನ ಮೇಲಿದ್ದ ಹುಡುಗಿ ಸೂರ್ಯ ಹುಟ್ಟುವ ಮೊದಲೇ ತೂಗಾಡತೊಡಗಿದಳು.

"ಆಂಟಿ, ಕಪ್ಪೆ ಬರುತ್ತೋ ಇಲ್ವೋ?"

ಗೆಳತಿ ನಕ್ಕ ನಗೆಗೆ ಟೇಪು ಕೆಳಗೆ ಬಿತ್ತು. "ಬರುತ್ತೆ ಪುಟ್ಟಿ. ಟೀಚರಮ್ಮ ಒಳಗೆ ಬಿಡ್ಬೇಕಲ್ಲ!"

ಅಂದಿನಿಂದ, ಮಗು ಅಲುಗಾಡಿದ ಸಾಲಿಗೆಲ್ಲ ಅವಳು ಪೆನ್ಸಿಲ್ ಗೆರೆ ಎಳೆಯುತ್ತಿದ್ದಳು. ನಾನು ಅದನ್ನು ತೆಗೆದುಹಾಕುತ್ತಿದ್ದೆ. ಸೂರ್ಯೋದಯ ಹೋಯಿತು. ಹಿತವಚನಕ್ಕೆ ಮಾತ್ರ ಜಗಳವಾಡಿದೆ.

"ಮಕ್ಕಳು ಏನಾದ್ರೂ ಕಲಿಬೇಡ್ವೇನೇ?"

"ಕಪ್ಪೆ ಹಾರಿದ್ದನ್ನ ಅವರೇ ನೋಡಿದ್ರಲ್ಲ. ಮತ್ತೆ ನಿಂದೇನು ನಡುವೆ?" ಹಿತವಚನವೂ ಹೋಯಿತು.

ಆಪರೇಷನ್ ಮುಗಿಸಿ ಅಂಗಡಿಗೆ ಮರಳಿದಾಗ ಅವಳಿಗೆ ದನಿಯಿರಲಿಲ್ಲ. ಸ್ಟೂಲಿನ ಮೇಲೆ ಹೊಸದಾಗಿ ಶಾಲೆಗೆ ಸೇರುವ ಮಗುವೊಂದು ನಿಂತಿತ್ತು. ನಾನು ಅದೇ ಕಪ್ಪೆಯ ಕತೆ ಓದುತ್ತಿದ್ದೆ. ಭುಜ, ಸೊಂಟ, ಮೊಣಕಾಲು, ಅಳತೆಯೆಲ್ಲ ಮುಗಿಯಿತು. ಗೆಳತಿ ಬೆನ್ನು ತಟ್ಟಿದರೂ ಮಗು ಇಳಿಯಲಿಲ್ಲ.

"ಇಳಿಯೇ, ಅಳತೆ ಆಯ್ತು," ಎಂದಳು ಅದರ ತಾಯಿ.

"ಇರಮ್ಮಾ, ಕಪ್ಪೆ ಇನ್ನೂ ಹಾರಿಲ್ಲ!"

ಗೆಳತಿ ಗೋಡೆಗೊರಗಿ ಕೂತಳು. ಕಣ್ಣು ತುಂಬಿತ್ತು. ಮುಂದೆ ಓದು ಎಂದು ಕೈಯಾಡಿಸಿದಳು.

ಆಮೇಲೆ ಹನ್ನೊಂದು ತಿಂಗಳು ಇದ್ದಳು. ಅವಳು ಬರೆದಳು, ನಾನು ಓದಿದೆ, ಮಕ್ಕಳು ತಿದ್ದಿದರು. ಆರು ಕತೆ ಉಳಿದಿವೆ. ಅವಳಿಗೆ ನಾನು ಸರಿ ಮಾಡಿಕೊಟ್ಟಿದ್ದು ಕಾಗುಣಿತ ಅಷ್ಟೇ. ಅವಳು ಸರಿ ಮಾಡಿದ್ದು ನನ್ನನ್ನು.