ಸರ್ಪಸುತ್ತಿನ ಸುತ್ತಳತೆ

ನನ್ನದು ಹೊಸನಗರದಲ್ಲಿ ಸಣ್ಣದೊಂದು ಹೊಲಿಗೆ ಅಂಗಡಿ. ನನ್ನ ಯಜಮಾನರು ಸಾಗರಕ್ಕೂ ತೀರ್ಥಹಳ್ಳಿಗೂ ಓಡಾಡುವ ಬಸ್ಸಿನ ಕಂಡಕ್ಟರು. ನಾನು ಕೂತು ದುಡಿಯುವವಳು, ಅವರು ನಿಂತು ದುಡಿಯುವವರು. ಸಂಜೆಯಾದರೆ ನನಗೆ ಬೆನ್ನುನೋವು, ಅವರಿಗೆ ಕಾಲುನೋವು. ಹಾಗಾಗಿ ಹೋದ ವರ್ಷ ಮದುವೆ ಸೀಸನ್ನಿನಲ್ಲಿ ನನ್ನ ಬೆನ್ನಿನ ಎಡಭಾಗದಲ್ಲಿ ಉರಿ ಶುರುವಾದಾಗ ಇಬ್ಬರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೆಷಿನ್ ಮುಂದೆ ಬಗ್ಗಿ ಕೂತದ್ದಕ್ಕೆ ಎಂದು ಮುಲಾಮು ತಿಕ್ಕಿದ್ದಾಯಿತು. ಮುಲಾಮಿಗೆ ಉರಿ ಇನ್ನೂ ಜಾಸ್ತಿಯಾಯಿತು. ಊರ ಹೆಂಗಸರಿಗೆಲ್ಲ ಮೈಗೆ ಕೂರುವ ರವಿಕೆ ಹೊಲಿದುಕೊಡುವ ನಾನು, ಬಟ್ಟೆ ತಾಗಿದರೆ ಜೀವ ಹೋಗುತ್ತದೆ ಎಂದು ಯಜಮಾನರ ದೊಗಲೆ ಅಂಗಿ ತೊಟ್ಟು ಅಂಗಡಿಯಲ್ಲಿ ಕೂರುವ ಹಾಗಾಯಿತು.

ಒಂದು ಬೆಳಿಗ್ಗೆ ಅಂಗಿ ಎತ್ತಿ ಅವರಿಗೆ ಬೆನ್ನು ತೋರಿಸಿದೆ. ಅವರು ನೋಡಿದರು, ಮಾತಾಡಲಿಲ್ಲ. ಇಡೀ ಬಸ್ಸಿಗೆ ಕೇಳುವ ಹಾಗೆ "ಹಿಂದೆ ಹೋಗ್ರಿ, ಹಿಂದೆ ಹೋಗ್ರಿ" ಎಂದು ಕೂಗುವ ಮನುಷ್ಯ ಬಾಯಿ ಮುಚ್ಚಿದರೆ ಏನೋ ಇದೆ ಎಂದೇ ಅರ್ಥ.

"ಎಂತದ್ರೀ ಅದು?" ಎಂದು ಕೇಳಿದೆ.

"ಗುಳ್ಳೆ ಎದ್ದಾವೆ. ಸಾಲಾಗಿ," ಎಂದರು. ಆಮೇಲೆ ದನಿ ಇಳಿಸಿ, "ಸುತ್ತು ಇರ್ಬೇಕು ಮಾರಾಯ್ತಿ," ಎಂದರು.

ಸುತ್ತು ಅಂದರೆ ಸರ್ಪಸುತ್ತು. ಬೆನ್ನಿನ ಮೇಲೋ ಹೊಟ್ಟೆಯ ಮೇಲೋ ಗುಳ್ಳೆಗಳು ಹಾವಿನ ಹಾಗೆ ಪಟ್ಟಿಯಾಗಿ ಏಳುತ್ತವೆ, ದಿನದಿಂದ ದಿನಕ್ಕೆ ಮೈ ಬಳಸುತ್ತಾ ಹೋಗುತ್ತವೆ. ಒಂದು ತುದಿ ಹಾವಿನ ತಲೆ, ಇನ್ನೊಂದು ಬಾಲ. ಪೂರ್ತಿ ಸುತ್ತು ಬಂದು ತಲೆಯೂ ಬಾಲವೂ ಮುಟ್ಟಿದ ದಿನ ಮನುಷ್ಯ ಉಳಿಯುವುದಿಲ್ಲ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ಬೆಂಕಿ ಸುಡುತ್ತದೆ ಎಂದು ಗೊತ್ತಿದ್ದ ಹಾಗೆ ಇದೂ ಗೊತ್ತಿತ್ತು. ಸಾಲದ್ದಕ್ಕೆ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನನ್ನ ಅಪ್ಪ ತೀರಿಕೊಂಡದ್ದು ಇದರಲ್ಲೇ. "ತಲೆ ಬಾಲ ಮುಟ್ಟಿತಂತೆ" ಎಂದು ದೊಡ್ಡವರು ಅಂಗಳದಲ್ಲಿ ಮಾತಾಡಿಕೊಂಡದ್ದು ಇನ್ನೂ ಕಿವಿಯಲ್ಲಿದೆ. ಹಾಗಾಗಿ ಹೆದರಿದೆ. ಗಟ್ಟಿಗಿತ್ತಿ ಎಂದು ಹೆಸರು ಮಾಡಿದವಳು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ.

ಅವ್ವ ನಿಟ್ಟೂರಿನ ಹತ್ತಿರ ನನ್ನ ಅಣ್ಣನ ಮನೆಯಲ್ಲಿರುತ್ತಾಳೆ. ಫೋನಿನಲ್ಲಿ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಸಿಕ್ಕಿದ ಬಸ್ಸು ಹತ್ತಿ ಬಂದಳು. ಕೈಯಲ್ಲಿದ್ದ ಚೀಲ ಕೆಳಗಿಡುವ ಮೊದಲೇ ಕೇಳಿದಳು.

"ಸ್ನಾನ ಮಾಡಿದ್ಯನೆ?"

"ಇವತ್ತು ಇನ್ನೂ ಇಲ್ಲ."

"ಮಾಡ್ಬೇಡ. ಒಂದು ಹನಿ ನೀರು ಸೋಕಿಸ್ಬೇಡ. ನನ್ನಾಣೆ ಉಂಟು."

ಅವ್ವನ ಈ ನೀರಿನ ಹೆದರಿಕೆ ನಮಗೆ ಹೊಸದಲ್ಲ. ಅವಳ ಮನೆಯಲ್ಲಿ ನೆಗಡಿಯಾದವರಿಗೂ ಸ್ನಾನವಿಲ್ಲ. ಅದು ಹೋಗಲಿ, ನನ್ನ ಬಾಣಂತನದಲ್ಲಿ ನೀರು ಹಾಕಲಿಕ್ಕೂ ಚಿಕ್ಕಮ್ಮನನ್ನು ಕರೆಸಿದ್ದಳು. ಮಗಳ ಬಾಣಂತನಕ್ಕೆ ತಾಯಿ ನೀರು ಹಾಕುವುದು ಎಲ್ಲ ಕಡೆ ಇರುವ ಪದ್ಧತಿ. ನಮ್ಮವ್ವ ಬಚ್ಚಲಿನ ಬಾಗಿಲಿಗೂ ಬರಲಿಲ್ಲ. ಆಗ ನನಗೆ ಬೇಜಾರಾಗಿತ್ತು. ಆಮೇಲೆ ಅಣ್ಣನೂ ನಾನೂ ಅವಳನ್ನು ನೀರು ಕಂಡ ಬೆಕ್ಕು ಎಂದು ಆಡಿಕೊಂಡು ನಕ್ಕು ಮರೆತಿದ್ದೆವು.

ಅವತ್ತೇ ಮಧ್ಯಾಹ್ನ ಹುಲಿಕಲ್ ದಾರಿಯ ಒಂದು ಹಳ್ಳಿಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬರು ಸುತ್ತು ಬರೆಯುತ್ತಾರೆ. ಕೆಮ್ಮಣ್ಣು ಕಲಸಿ, ಬಾಯೊಳಗೇ ಮಂತ್ರ ಹೇಳುತ್ತಾ, ಗುಳ್ಳೆಗಳ ಮೇಲೆ ಹಾವಿನ ಚಿತ್ರ ಬರೆದು, ತಲೆಯ ಮುಂದೊಂದು ಬಾಲದ ಮುಂದೊಂದು ಅಡ್ಡಗೆರೆ ಎಳೆಯುತ್ತಾರೆ. ಹಾವು ಆ ಗೆರೆ ದಾಟಬಾರದು. ಒಳ್ಳೆಯ ಮನುಷ್ಯ, ಒಂದು ತೆಂಗಿನಕಾಯಿ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಹಸಿ ಮಣ್ಣು ತಣ್ಣಗೆ ಹಿತವಾಗಿತ್ತು, ಸುಳ್ಳು ಹೇಳಬಾರದು. ಆದರೆ ಒಣಗುತ್ತಾ ಬಂದ ಹಾಗೆ ಚರ್ಮ ಬಿಗಿದು ಎರಡರಷ್ಟು ಉರಿಯಿತು. "ಅಳಿಸದಂಗೆ ನೋಡ್ಕಳಿ," ಎಂದು ಅವ್ವನಿಗೆ ಹೇಳಿ ಕಳಿಸಿದರು. ಅವ್ವ ಆ ಕೆಲಸವನ್ನು ಪೊಲೀಸರ ಹಾಗೆ ಮಾಡಿದಳು. ನಾನು ಬಚ್ಚಲ ಕಡೆ ಹೊರಟರೆ ಅವಳೂ ಹಿಂದೆ.

ಇತ್ತ ನನ್ನ ಸುತ್ತಿನ ಸುದ್ದಿ ಯಜಮಾನರ ಬಾಯಿಂದ ಬಸ್ಸು ಹತ್ತಿ ಟಿಕೆಟ್ಟಿಲ್ಲದೆ ಓಡಾಡತೊಡಗಿತು. ಸಂಜೆ ಮನೆಗೆ ಬರುವಾಗ ಅವರು ದಿನಕ್ಕೊಂದು ಉಪದೇಶ ಹೊತ್ತು ತರುತ್ತಿದ್ದರು. ಸಾಗರದಲ್ಲಿ ಹತ್ತಿದವರೊಬ್ಬರು, ಯಾವ ಜನ್ಮದಲ್ಲೋ ಹಾವು ಹೊಡೆದಿರಬೇಕು ಎಂದರಂತೆ. ತೀರ್ಥಹಳ್ಳಿಯಲ್ಲಿ ಇಳಿದವರೊಬ್ಬರು, ಇಂಗ್ಲಿಷ್ ಮದ್ದು ತಗೊಂಡರೆ ಗುಳ್ಳೆ ಒಳಗೆ ಹೊಗುತ್ತದೆ ಎಂದರಂತೆ. ಇನ್ನೊಬ್ಬರು ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದರು. ಅದನ್ನು ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ. ಹುಣ್ಣಿಗೆ ಉಪ್ಪು ಸವರುವವರು ಯಾವತ್ತೂ ಕಾಳಜಿಯಿಂದಲೇ ಸವರುತ್ತಾರೆ.

ನಾನು ಹೊಲಿಗೆಯವಳು, ನನ್ನ ಭಯವೂ ನನ್ನ ಕಸುಬಿನ ದಾರಿಯಲ್ಲೇ ಬಂತು. ಬೆಳಿಗ್ಗೆ ಎದ್ದ ಕೂಡಲೇ ಅಳತೆ ಟೇಪು ತೆಗೆದು, ಕನ್ನಡಿಯ ಮುಂದೆ ನಿಂತು, ತಲೆಯಿಂದ ಬಾಲಕ್ಕೆ ಇನ್ನೆಷ್ಟು ಜಾಗ ಉಳಿದಿದೆ ಎಂದು ಅಳೆಯುತ್ತಿದ್ದೆ. ಗುಳ್ಳೆಗಳು ಬೆನ್ನಿನಿಂದ ಹೊರಟು ಕಂಕುಳ ಕೆಳಗೆ ಹಾದು ಎದೆಯ ಕೆಳಭಾಗಕ್ಕೆ ಬಂದಿದ್ದವು. ಮೊದಮೊದಲು ಅಳೆದಾಗಲೆಲ್ಲ ಜಾಗ ಕಡಿಮೆಯಾಗುತ್ತಲೇ ಹೋಯಿತು. ಅಂಗಡಿಯಲ್ಲಿ ಒಪ್ಪಿಕೊಂಡ ಮದುವೆ ರವಿಕೆಗಳು ಮುಗಿಯುವ ಮೊದಲು ನಾನೇ ಮುಗಿಯುತ್ತೇನೋ ಎಂದು ಲೆಕ್ಕ ಹಾಕಿದೆ. ತಮಾಷೆಯೆಂದರೆ, ಕೊನೆಕೊನೆಗೆ ಅಳತೆ ಅಲ್ಲಾಡದೆ ನಿಂತಿತ್ತು. ಎದೆಯ ನಟ್ಟನಡುವೆ ಬಂದ ಹಾವು ಅಲ್ಲಿಂದ ಮುಂದಕ್ಕೆ ಒಂದು ನೂಲಿನಷ್ಟೂ ಹೋಗಿರಲಿಲ್ಲ. ತಪ್ಪು ಅಳೆದಿರಬೇಕು ಅಂದುಕೊಂಡೆ. ಇಷ್ಟು ವರ್ಷ ಅನ್ನ ಹಾಕಿದ ಟೇಪಿನ ಮೇಲೆ ನನಗೆ ಅನುಮಾನ ಬಂತು, ತಲೆ ಬಾಲದ ಮಾತಿನ ಮೇಲೆ ಬರಲಿಲ್ಲ.

ಕೊನೆಗೆ ಯಜಮಾನರಿಗೇ ತಾಳ್ಮೆ ಹೋಯಿತು. ಒಂದು ಬೆಳಿಗ್ಗೆ ಯೂನಿಫಾರಂ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಅತ್ತೆ, ನೀವೂ ಹೊರಡಿ. ತೀರ್ಥಹಳ್ಳಿಯಲ್ಲಿ ಚರ್ಮದ ಡಾಕ್ಟ್ರಿದಾರೆ. ನಾನೇ ಬಸ್ಸಲ್ಲಿ ಕರ್ಕಂಡು ಹೋಗ್ತೀನಿ," ಎಂದರು. ಅಳಿಯನಿಗೆ ಎದುರಾಡಿ ಗೊತ್ತಿಲ್ಲದ ಅವ್ವ ಸೆರಗು ಹೊದ್ದು ಹೊರಟಳು. ಆದರೆ ದಾರಿಯುದ್ದಕ್ಕೂ, "ತೊಳಿ ಅಂದ್ರೆ ನಾ ಬಿಡದಿಲ್ಲ," ಎಂದು ನನ್ನ ಕಿವಿಯಲ್ಲಿ ಹೇಳುತ್ತಲೇ ಇದ್ದಳು.

ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕ ಹೆಣ್ಣುಮಗಳು. ಕೆಮ್ಮಣ್ಣಿನ ಹಾವನ್ನು ನೋಡಿ ನಗಲಿಲ್ಲ, ಬೈಯಲಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಹಾಗೆ, "ಬರೆಸಿದ್ದಿರಲಿ. ಗುಳ್ಳೆ ಕಂಡ ಕೂಡ್ಲೇ ಬಂದಿದ್ರೆ ಮಾತ್ರೆ ಇನ್ನೂ ಚೆನ್ನಾಗಿ ಹಿಡೀತಿತ್ತು. ಚಿಕ್ಕವರಿದ್ದಾಗ ಸೀತಾಳೆ ಸಿಡುಬು ಆಗಿತ್ತಾ?" ಎಂದರು.

ನನಗಿಂತ ಮೊದಲು ಅವ್ವ, "ಆಗಿತ್ತು," ಎಂದಳು.

"ಅದೇ ಇದು. ಅದು ವಾಸಿಯಾದ್ರೂ ಪೂರ್ತಿ ಹೋಗಲ್ಲ, ಬೆನ್ನಿನ ಹತ್ರ ನರದಲ್ಲಿ ಸುಮ್ನೆ ಮಲಗಿರ್ತದೆ. ಎಷ್ಟೋ ವರ್ಷದ ಮೇಲೆ ಎದ್ದು, ಅದೇ ನರದ ದಾರಿ ಹಿಡಿದು ಹೊರಗೆ ಬರ್ತದೆ."

"ಸುತ್ತು ಬಂದು ಮುಟ್ಟಿದ್ರೆ?" ಎಂದು ಕೇಳಿಯೇಬಿಟ್ಟೆ.

"ಸುತ್ತು ಬರೋದೇ ಇಲ್ಲ. ಎಡಗಡೆ ನರ ಬೆನ್ನಿಂದ ಹೊರಟು ಎದುರಿಗೆ ಬಂದು ನಡುವಿಗೆ ಮುಗೀತದೆ. ಬಲಗಡೆಯದ್ದು ಬೇರೆ ನರ. ಗುಳ್ಳೆ ನಡುಗೆರೆ ದಾಟಿ ಆಚೆ ಹೋಗಲ್ಲ. ಇನ್ನು ಹಂಗೇನಾದ್ರೂ ಎರಡೂ ಕಡೆ ಎದ್ರೂ, ತಲೆ ಬಾಲ ಮುಟ್ಟಿ ಸಾಯೋದು ಅನ್ನೋದೆಲ್ಲ ಬರೀ ಮಾತು."

ನಾನು ಎದೆಯ ನಡುವಿನ ಗೆರೆಯನ್ನು ಬೆರಳಿನಿಂದ ಮುಟ್ಟಿಕೊಂಡೆ. ಅಯ್ಯೋ, ದಿನಾ ಬೆಳಗಾದರೆ ನಾನು ಮಾಡುವ ಕೆಲಸವೇ ಇದಲ್ಲವಾ! ರವಿಕೆಯ ಎಡಭಾಗ ಬೇರೆ, ಬಲಭಾಗ ಬೇರೆ. ಮುಂದೆ ಹುಕ್ಕಿನ ಪಟ್ಟಿಯವರೆಗೆ ಒಂದು ತುಂಡು, ಅಲ್ಲಿಗೆ ಮುಗಿಯಿತು. ಟೇಪು ಅಷ್ಟು ದಿನ ಸರಿಯಾಗಿಯೇ ಹೇಳಿತ್ತು. ನನಗೆ ನಗು ಬಂತು. ಡಾಕ್ಟರ ಎದುರಿಗೇ, ಉರಿಯುವ ಮೈಯಲ್ಲೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಬದುಕಿದೆ ಎನ್ನುವ ಮಾತನ್ನು ಜನ ಸುಮ್ಮನೆ ಆಡುತ್ತಾರೆ, ನಾನು ಆವತ್ತು ಅದನ್ನು ಮೈಯಲ್ಲಿ ಅನುಭವಿಸಿದೆ.

ಅವ್ವ ನಗಲಿಲ್ಲ. ಕುರ್ಚಿಯ ತುದಿಗೆ ಜರುಗಿ ಕೂತಿದ್ದಳು.

"ಡಾಕ್ಟ್ರಮ್ಮ, ಬಲಗಡೆ ಎದ್ದಿದ್ದು ಎಡಗಡೆಗೆ ಹೋಗದಿಲ್ವಾ?"

"ಇಲ್ಲಮ್ಮ."

"ಅಳ್ಸಿದ್ರೂ? ಬರೆದಿದ್ದು ಅಳ್ಸಿ ನೀರು ಹಾಕಿದ್ರೂ?"

"ನೀರು ಹಾಕಿದ್ರೂ ಹೋಗಲ್ಲ. ದಿನಾ ಸ್ನಾನ ಮಾಡ್ಬೇಕು, ಗುಳ್ಳೆ ಒಡೆಯದಂಗೆ, ತಿಕ್ಕದೆ. ಕೊಳೆ ಕೂತ್ರೇ ಕೀವಾಗೋದು."

ಆಮೇಲೆ ಅವ್ವ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಒಂದು ದಿನವೂ ಕೇಳಿರಲಿಲ್ಲ. ಅಪ್ಪನಿಗೆ ಎದ್ದದ್ದು ಬಲಗಡೆ. ಅವರಿಗೂ ಕೆಮ್ಮಣ್ಣಿನಲ್ಲಿ ಬರೆಸಿದ್ದರು. ಒಣಗಿದ ಮಣ್ಣಿನ ಬಿಗಿತಕ್ಕೆ ಒದ್ದಾಡಿ, ಒಂದು ಚೆಂಬು ಬಿಸಿನೀರು ಹಾಕು ಎಂದು ಅವ್ವನನ್ನು ಗೋಗರೆದರಂತೆ. ಅವ್ವನಿಗೆ ನೋಡಲಾಗಲಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಬಚ್ಚಲಿಗೆ ಕರೆದುಕೊಂಡು ಹೋಗಿ ನೀರು ಹಾಕಿದಳು. ಚಿತ್ರವೆಲ್ಲ ತೊಳೆದುಹೋಯಿತು. ಅದಾಗಿ ಸ್ವಲ್ಪ ದಿನಕ್ಕೇ ಅಪ್ಪ ಗದ್ದೆಯಿಂದ ಎದೆ ಹಿಡಿದುಕೊಂಡು ಬಂದು ಜಗುಲಿಯಲ್ಲಿ ಮಲಗಿದವರು ಏಳಲಿಲ್ಲ.

"ತಲೆ ಬಾಲ ಮುಟ್ಟಿದ್ದು ನೀವು ನೋಡಿದ್ರಾ?" ಎಂದು ಡಾಕ್ಟರು ಕೇಳಿದರು.

"ಎಲ್ಲರೂ ಮುಟ್ಯದೆ ಅಂದ್ರು. ನಾ ನೋಡ್ಲಿಲ್ಲ. ನೋಡಕ್ಕೆ ಧೈರ್ಯ ಎಲ್ಲಿತ್ತು?"

"ಎದೆ ಯಾವ ಕಡೆ ಹಿಡ್ಕಂಡಿದ್ರು?"

"ಎಡಗಡೆ. ಎಡಗೈ ಸೆಳೀತದೆ ಅಂತಿದ್ರು. ಮೈಯೆಲ್ಲ ಬೆವರಿತ್ತು. ಬಲಗಡೆಯಿಂದ ಹಾವು ಎಡಗಡೆಗೆ ಬಂತಲ್ಲ ಅಂದ್ಕಂಡೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಮ್ಮ, ನಾ ಆಗ ಅಲ್ಲಿರ್ಲಿಲ್ಲ, ಖಂಡಿತವಾಗಿ ಹೇಳಕ್ಕಾಗಲ್ಲ. ಆದ್ರೆ ನೀವು ಹೇಳ್ತಿರೋದು ಕೇಳಿದ್ರೆ ಅದು ಹೃದಯದ ತೊಂದ್ರೆ ಅನ್ನಿಸ್ತದೆ. ನೀವು ಹಾಕಿದ ನೀರಿಂದ ಆಗಿದ್ದಂತೂ ಅಲ್ಲ. ಅದನ್ನ ಖಂಡಿತವಾಗಿ ಹೇಳ್ತೀನಿ."

ಬಲಗಡೆಯ ಸುತ್ತು, ಎಡಗಡೆಯ ನೋವು. ಅಷ್ಟು ವರ್ಷ ಎರಡನ್ನೂ ಅವ್ವ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು, ನಡುವೆ ಒಂದು ಹಾವು ಓಡಾಡಿತು ಎಂದು ನಂಬಿಕೊಂಡು. ಗಂಡನನ್ನು ನಾನೇ ಕೊಂದೆ ಎಂದುಕೊಂಡೇ ನಮ್ಮನ್ನು ಸಾಕಿದ್ದಳು, ಅಣ್ಣನ ಮದುವೆ ಮಾಡಿದ್ದಳು, ನನ್ನ ಬಾಣಂತನ ಮಾಡಿದ್ದಳು. ಬಚ್ಚಲಿನ ಬಾಗಿಲಿಗೆ ಯಾಕೆ ಬರಲಿಲ್ಲ ಎಂದು ನನಗೆ ಆಗ ತಿಳಿಯಿತು. ನೀರು ಕಂಡ ಬೆಕ್ಕು ಎಂದು ನಕ್ಕದ್ದು ನೆನಪಾಗಿ ಅವಳ ಕೈ ಹಿಡಿದುಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಯಜಮಾನರು ಖುಷಿಗೆ ಕಂಡಕಂಡವರಿಗೆಲ್ಲ ಡಾಕ್ಟರ ಮಾತನ್ನು ಹೇಳಿದರು. "ಅದೆಲ್ಲ ಸರಿ, ಸರಿಯಾದ ಹೊತ್ತಿಗೆ ಬರೆಸಿದ್ದಕ್ಕೆ ಹಾವು ನಿಂತದ್ದು," ಎಂದು ಹಿಂದಿನ ಸೀಟಿನ ಅಜ್ಜಿಯೊಬ್ಬರು ತೀರ್ಪು ಕೊಟ್ಟರು. ಸುತ್ತಲಿನವರು ತಲೆದೂಗಿದರು. ಯಜಮಾನರು ವಾದಕ್ಕೆ ನಿಲ್ಲಲು ನೋಡಿದರು, ನಾನು ಅಂಗಿ ಜಗ್ಗಿ ಸುಮ್ಮನಾಗಿಸಿದೆ. ಆವತ್ತಿನ ಮಟ್ಟಿಗೆ ನನಗೆ ಇಡೀ ಬಸ್ಸು ನಂಬಬೇಕಾಗಿರಲಿಲ್ಲ. ನನ್ನ ಪಕ್ಕದಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದ ಒಬ್ಬಳು ನಂಬಿದರೆ ಸಾಕಿತ್ತು.

ಅವ್ವ ಮನೆಗೆ ಬಂದವಳೇ ನೇರ ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಬೆಂಕಿ ಹಾಕಿದಳು. ನಾನು ಗ್ಯಾಸಿನ ಮೇಲೆ ಕಾಯಿಸುತ್ತೇನೆ ಎಂದರೆ ಕೇಳಲಿಲ್ಲ. ನೀರು ಕಾದ ಮೇಲೆ ಬೆರಸಿ, ಕೈ ಅದ್ದಿ ನೋಡಿ, "ಬಾ ಇಲ್ಲಿ. ಕೂತ್ಕ," ಎಂದಳು.

ಮಣೆಯ ಮೇಲೆ ಕೂತೆ. ಹಿಂದೆ ಮೊದಲ ಚೆಂಬು ಮೊಗೆದದ್ದು ಕೇಳಿಸಿತು, ನೀರು ಬೀಳಲಿಲ್ಲ. ಆಮೇಲೆ ಉಗುರುಬೆಚ್ಚಗಿನ ನೀರು ಭುಜದ ಮೇಲಿಂದ ಮೆಲ್ಲಗೆ ಇಳಿಯಿತು. ಕೆಮ್ಮಣ್ಣು ಕರಗಿ, ಬಚ್ಚಲ ಕಲ್ಲಿನ ಮೇಲೆ ಕೆಂಪಗೆ ಹರಿದು ಹೋಯಿತು. ಎಷ್ಟೋ ದಿನಗಳ ಮೇಲೆ ಮೈ ಸಡಿಲವಾಯಿತು, "ಅಬ್ಬ" ಎಂದೆ.

ಹಿಂದೆ ಚೆಂಬು ನಿಂತಿತು. ಅವ್ವ ಅಳುತ್ತಿದ್ದಳು, ಆದರೆ ದನಿ ಹಗುರಾಗಿತ್ತು.

"ಅವತ್ತು ನಿನ್ನ ಅಪ್ಪನೂ ಹಿಂಗೇ ಅಬ್ಬ ಅಂದಿದ್ರು ಕಣೆ. ಈಗ ಜೀವ ಬಂತು, ಇನ್ನೊಂದು ಚೆಂಬು ಹಾಕು ಅಂದ್ರು. ಅವ್ರಿಗೆ ಎಷ್ಟು ಹಿತ ಆಗಿತ್ತು! ಅದನ್ನ ನಾ ಇಷ್ಟು ವರ್ಷ ನೆನೆಸ್ಕಂಡೇ ಇರ್ಲಿಲ್ಲ."

ಹಂಡೆಯಿಂದ ಮತ್ತೆ ನೀರು ಮೊಗೆಯುವ ಸದ್ದಾಯಿತು.

"ಇನ್ನೊಂದು ಚೆಂಬು ಹಾಕ್ಲಾ?" ಎಂದಳು.

"ಹಾಕವ್ವ," ಎಂದೆ.